ಹದಿನೇಳು ಗುರಿ ಜಾಸ್ತಿಯಾಯಿತು, ತಂಗೀ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಅಡಿಕೆ ರೇಟಿನ ಬಗ್ಗೆ ಬರೆದವರು, ಕಾಲಮಿತಿ ಯಕ್ಷಗಾನದ ಬಗ್ಗೆ ಜಗಳ ತೆಗೆದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪತ್ರ ಬಂದದ್ದು ನಮ್ಮ ಕಾಸರಗೋಡಿನ ಪೆರ್ಲದಿಂದ ಒಳಗೆ ಹೋಗುವ ಒಂದು ಮನೆಯಿಂದ. ಹೆಸರು ಹಾಕಬೇಡಿ ಎಂದಿದ್ದಾರೆ. ಮಗನಿಗೆ ಒಂಬತ್ತು ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ, ಆಡುವುದು ಹತ್ತಿಪ್ಪತ್ತು ಶಬ್ದ. ಎರಡು ವರ್ಷ ಹತ್ತಿರದ ಶಾಲೆಗೆ ಹೋದ, ಹೆಚ್ಚಿನ ಹೊತ್ತು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದ. ಈಗ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಕಲಿಕೆ ಮನೆಯಲ್ಲಿ ಅಮ್ಮನ ಕೈಯಲ್ಲಿ. ಬಿಆರ್‌ಸಿಯಿಂದ, ಅಂದರೆ ಬ್ಲಾಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಿಂದ, ಬರುವ ಟೀಚರ್ 'ವರ್ಷದ ಗುರಿಗಳನ್ನು ಬರೆದಿಡಿ' ಎಂದಿದ್ದಾರೆ. ಇವರು ರಾತ್ರಿ ಕೂತು ಹದಿನೇಳು ಬರೆದಿದ್ದಾರೆ. ರಿಟೈರ್ಡ್ ಮಾಷ್ಟ್ರಾದ ಭಾವನವರು 'ಎರಡನೇ ಕ್ಲಾಸಿನ ಪಾಠಪುಸ್ತಕ ಇದೆಯಲ್ಲ, ಅದನ್ನು ಮುಗಿಸಿದರೆ ಸಾಕು' ಎನ್ನುತ್ತಾರಂತೆ. 'ಯಾರ ಮಾತು ಕೇಳಲಿ, ಮಾಣಿಗೆ ಏನು ಗುರಿ ಇಡಲಿ?' ಎಂಬುದು ಅವರ ಪ್ರಶ್ನೆ.

ತಂಗೀ, ಮೊದಲು ಭಾವನವರ ಮಾತಿಗೆ ಒಂದು ನಮಸ್ಕಾರ ಹೇಳಿಬಿಡುತ್ತೇನೆ. ಅಕ್ಷರ ಬೇಡ ಎಂದು ಯಾರೂ ಹೇಳಬಾರದು. ಕಲಿಯಬಲ್ಲ ಮಗುವಿಗೆ 'ಇವನಿಗೆಂಥ ಅಕ್ಷರ' ಎಂದು ಬಾಗಿಲು ಹಾಕಿದವರನ್ನು ನಾನೂ ನೋಡಿದ್ದೇನೆ. ಶಾಲೆಯಲ್ಲಿ ಸಿಗುವ ಜೊತೆ ಮನೆಯಲ್ಲಿ ಸಿಗುವುದಿಲ್ಲ ಎಂಬುದೂ ಸರಿ. ಹಾಗಾಗಿ ಶಾಲೆಯ ಪುಸ್ತಕದಿಂದ ಹೆಸರು ತೆಗೆಸಬೇಡಿ, ವಾರ್ಷಿಕೋತ್ಸವಕ್ಕೆ ಕರೆದುಕೊಂಡು ಹೋಗಿ. ಭಾವನವರ ಬಗ್ಗೆ ಇಷ್ಟು ಸಾಕು.

ಈಗ ನಿಮ್ಮ ಪಟ್ಟಿಗೆ ಬರೋಣ. ನೂರರವರೆಗೆ ಎಣಿಸಬೇಕು. ವರ್ಣಮಾಲೆ ಬರಬೇಕು, ಎಬಿಸಿಡಿ ಬರಬೇಕು. ಎರಡು ಶ್ಲೋಕ. ಬಣ್ಣಗಳ ಹೆಸರು. ಬಂದವರಿಗೆ ನಮಸ್ಕಾರ ಮಾಡಬೇಕು. ಶೂ ಲೇಸ್ ಕಟ್ಟಬೇಕು. ಹಠ ಮಾಡಬಾರದು. ಒಂದು ಕಡೆ ಕೂರಬೇಕು. ಓದುತ್ತಾ ಹೋದಂತೆ ನನಗೆ ಅನಿಸಿದ್ದು, ಇದರಲ್ಲಿ ಅರ್ಧ ಗುರಿಗಳು ಮಾಣಿಯವಲ್ಲ, ನಿಮ್ಮ ಮನೆಗೆ ಬರುವ ನೆಂಟರವು. ಸ್ವಲ್ಪ ಒರಟಾಗಿ ಹೇಳಿದೆ, ಬೇಜಾರು ಮಾಡಬೇಡಿ. ಆದರೆ ವರ್ಷವಿಡೀ ಹವಾಯಿ ಚಪ್ಪಲಿ ಹಾಕುವ ಹುಡುಗನಿಗೆ ಶೂ ಲೇಸ್ ಯಾರಿಗೋಸ್ಕರ?

'ಹಠ ಮಾಡಬಾರದು' ಎಂಬುದನ್ನಂತೂ ಇವತ್ತೇ ಹೊಡೆದುಹಾಕಿ. ಆಗ್ಡನ್ ಲಿಂಡ್‌ಸ್ಲಿ ಎಂಬ ಅಮೆರಿಕದ ಮನೋವಿಜ್ಞಾನಿ 1965ರಲ್ಲಿ ಒಂದು ಪರೀಕ್ಷೆ ಹೇಳಿದರು. ಸತ್ತವನೂ ಮಾಡಬಲ್ಲದ್ದಾದರೆ ಅದು ಕಲಿಸುವ ವಿಷಯವೇ ಅಲ್ಲ ಎಂಬುದು ಅದರ ತಿರುಳು. ಹಠ ಮಾಡದಿರುವುದು, ಗಲಾಟೆ ಮಾಡದೆ ಕೂರುವುದು, ಇವೆಲ್ಲ ಹೆಣವೂ ಮಾಡುವ ಕೆಲಸ. ಮಾಣಿ ಹಠ ಮಾಡುವುದು ಯಾವಾಗ? ಟಿವಿ ನಿಲ್ಲಿಸಿದಾಗ, ಸಾಕಾದ ಮೇಲೂ ತಟ್ಟೆಗೆ ಅನ್ನ ಬಡಿಸಿದಾಗ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಗುರಿ ಹೀಗಿರಲಿ: ಸಾಕಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ತೋರಿಸುತ್ತಾನೆ. ಅದು ಕಣ್ಣಿಗೆ ಕಾಣುವ ಕೆಲಸ, ಲೆಕ್ಕ ಇಡಬಹುದು. ಕೈ ಅಡ್ಡ ಹಿಡಿಯುವುದು ಬಂದರೆ ತಟ್ಟೆ ಎಸೆಯುವುದು ತಾನಾಗಿ ಕಮ್ಮಿಯಾಗುತ್ತದೆ.

ಟೀಚರ್ ತರುವ ಪಟ್ಟಿಗಳಿಗೆ ಹೆದರಬೇಡಿ. ಅದರಲ್ಲಿ ಚೆನ್ನಾಗಿರುವುದೂ ಇವೆ. ಮದ್ರಾಸಿನಲ್ಲಿ ತಯಾರಾದ ಎಂಡಿಪಿಎಸ್ ಎಂಬ ಒಂದು ಪಟ್ಟಿ ನಮ್ಮ ದೇಶದ ವಿಶೇಷ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. 18 ವಿಭಾಗ, ಒಂದೊಂದರಲ್ಲಿ 20, ಒಟ್ಟು 360 ಕೆಲಸಗಳು. ಉಣ್ಣುವುದು, ಬಟ್ಟೆ ಹಾಕುವುದು, ಮೀಯುವುದು, ಮಾತು, ಎಣಿಕೆ, ಮನೆಕೆಲಸ ಎಲ್ಲ ಸುಲಭದ್ದರಿಂದ ಕಷ್ಟದ್ದಕ್ಕೆ ಸಾಲಾಗಿವೆ. ನನಗೆ ಅದರಲ್ಲಿ ಇಷ್ಟವಾಗುವುದು, 'ಬರುವುದಿಲ್ಲ' ಎಂಬ ಭಾಷೆಯಲ್ಲಿ ಅದು ಮಾತಾಡುವುದಿಲ್ಲ. ಮಾಡುವ ಕೆಲಸದ ಹೆಸರು ಮಾತ್ರ ಹೇಳುತ್ತದೆ. ಇಂಥ ಪಟ್ಟಿಯನ್ನು ಕ್ಯಾಲೆಂಡರಿನ ಹಾಗೆ ಓದಬಾರದು. 'ಇದು ಮೂರು ವರ್ಷದ ಮಗು ಮಾಡುವ ಕೆಲಸ, ನನ್ನವನಿಗೆ ಒಂಬತ್ತಾಯಿತು' ಎಂದು ಅಳುವುದಕ್ಕೆ ಅದನ್ನು ಮಾಡಿದ್ದಲ್ಲ. ಇದಾದ ಮೇಲೆ ಯಾವುದು ಎಂದು ತಿಳಿದರೆ ಸಾಕು.

ಮನೆಯೇ ಶಾಲೆ ಎಂಬುದು ಶಾಲೆ ಸಿಗದವರ ಸಮಾಧಾನದ ಮಾತು ಎಂದುಕೊಂಡವರು ಬಹಳ ಜನ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಎಂಬ ಊರಿದೆ. ಸುತ್ತ ಹಳ್ಳಿಗಳು, ಮನೆಗಳು ದೂರ ದೂರ, ನಮ್ಮ ಎಣ್ಮಕಜೆಯ ಗುಡ್ಡಗಳಲ್ಲಿರುವಂತೆಯೇ. ಬೆಳವಣಿಗೆ ನಿಧಾನವಿರುವ ಪುಟ್ಟ ಮಕ್ಕಳನ್ನು ಒಂದು ಕಡೆ ಸೇರಿಸುವುದು ಆಗದ ಮಾತಾಗಿತ್ತು. 1969ರಲ್ಲಿ ಅಲ್ಲಿ ಒಂದು ಯೋಜನೆ ಶುರುವಾಯಿತು. ವಾರಕ್ಕೊಮ್ಮೆ ಒಬ್ಬರು ಮನೆಗೆ ಬರುವುದು, ಅಪ್ಪ ಅಮ್ಮನಿಗೆ ಆ ವಾರದ ಸಣ್ಣ ಗುರಿಯನ್ನು ಮಾಡಿ ತೋರಿಸುವುದು, ಉಳಿದ ದಿನಗಳಲ್ಲಿ ಕಲಿಸುವವರು ಅಪ್ಪ ಅಮ್ಮನೇ. ದಾರಿ ಉದ್ದ ಎಂಬ ಕಷ್ಟದಿಂದ ಹುಟ್ಟಿದ ಪದ್ಧತಿ ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು, ನಮ್ಮಲ್ಲಿಗೂ ಬಂತು.

ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲ್ಲರ್ ಕಥೆ ನಿಮಗೆ ಗೊತ್ತಿರುತ್ತದೆ. ಕೈಮೇಲೆ ನೀರು ಸುರಿದದ್ದು, ಅಂಗೈಯಲ್ಲಿ ಅಕ್ಷರ ಬರೆದದ್ದು, ಅಷ್ಟನ್ನೇ ಎಲ್ಲರೂ ಹೇಳುತ್ತಾರೆ. ಅದಾಗಿ ಕೆಲವೇ ದಿನಗಳಲ್ಲಿ, 1887ರ ಏಪ್ರಿಲಿನಲ್ಲೇ, ಟೀಚರ್ ಆ್ಯನ್ ಸಲಿವನ್ ಇನ್ನೊಂದು ಕೆಲಸ ಮಾಡಿದರು. ಸದ್ಯಕ್ಕೆ ಗಂಟೆ ಹೊಡೆದು ಪಾಠ ಮಾಡುವುದು ಬೇಡ ಎಂದು ತೀರ್ಮಾನಿಸಿ, ಪುಟ್ಟ ಕೂಸಿನ ಜೊತೆ ಮನೆಯವರು ಮಾತಾಡಿದ ಹಾಗೆ ಇಡೀ ದಿನ ಆ ಹುಡುಗಿಯ ಅಂಗೈಯಲ್ಲಿ ಮಾತಾಡತೊಡಗಿದರು. ಹೆಲೆನ್‌ಗೆ ಬುದ್ಧಿಯ ತೊಂದರೆ ಇರಲಿಲ್ಲ, ಒಪ್ಪುತ್ತೇನೆ. ಆದರೂ ಭಾವನವರಿಗೆ ಇದನ್ನು ಓದಿ ಹೇಳಿ.

ಕೆಲಸಕ್ಕೆ ಬರೋಣ. ಪಟ್ಟಿಯಲ್ಲಿ ಮೂರು ಉಳಿಸಿಕೊಳ್ಳಿ. ಮೂರೂ ನಿಮ್ಮ ಮನೆಯಲ್ಲಿ ದಿನಾ ಹೇಗೂ ನಡೆಯುವ ಕೆಲಸವಾಗಿರಲಿ. ಚಡ್ಡಿ ಹಾಕುವುದನ್ನೇ ತೆಗೆದುಕೊಳ್ಳಿ, ಲಾಸ್ಟಿಕ್ ಇರುವ ಚಡ್ಡಿ. ಮೊದಲಿನಿಂದ ಕಲಿಸಲು ಹೊರಟರೆ ಕಾಲು ಎಲ್ಲಿ ತೂರಿಸಬೇಕು ಎಂಬಲ್ಲಿಯೇ ಇಬ್ಬರಿಗೂ ಸಾಕಾಗುತ್ತದೆ. ಹಾಗಾಗಿ ಕೊನೆಯಿಂದ ಶುರು ಮಾಡಿ. ಎರಡೂ ಕಾಲು ನೀವೇ ತೂರಿಸಿ, ತೊಡೆಯವರೆಗೆ ಏರಿಸಿ. ಅಲ್ಲಿಂದ ಸೊಂಟಕ್ಕೆ ಎಳೆಯುವುದು ಅವನ ಪಾಲು. ಎಳೆದನೋ, ಚಡ್ಡಿ ಹಾಕಿ ಆಯಿತು, ಶಭಾಸ್, ಅಂಗಳಕ್ಕೆ ಓಡಬಹುದು. ಅದು ಸಲೀಸಾದ ಮೇಲೆ ಮೊಣಕಾಲಿನಿಂದ. ಆಮೇಲೆ ಹಿಮ್ಮಡಿಯಿಂದ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಮಾಣಿಯೇ ಆಗುತ್ತಾನೆ. ವಿಶೇಷ ಶಿಕ್ಷಣದವರು ಇದನ್ನು ತರಬೇತಿಯಲ್ಲಿ ಕಲಿಯುತ್ತಾರೆ. ನಮ್ಮ ಅಜ್ಜಿಯಂದಿರು ಜಡೆಯ ಕೊನೆಯ ರಿಬ್ಬನ್ ಮಾತ್ರ ಕೂಸುಗಳ ಕೈಗೆ ಬಿಡುತ್ತಿದ್ದದ್ದೂ ಅದೇ ಅಲ್ವಾ?

ಅಡಿಕೆ ಹೆಕ್ಕುವುದು ಎರಡನೆಯದಾಗಲಿ. ತೋಟಕ್ಕೆ ನಿಮ್ಮ ಹಿಂದೆಯೇ ಬರುತ್ತಾನೆ ಎಂದಿದ್ದೀರಲ್ಲ. ಎರಡು ಬಕೆಟ್ ಇಡಿ. ಇಡೀ ಅಡಿಕೆ ಒಂದಕ್ಕೆ, ಮಂಗ ಕಚ್ಚಿ ಬಿಸಾಡಿದ್ದು ಇನ್ನೊಂದಕ್ಕೆ. ಬಗ್ಗುವುದು, ಬೆರಳಲ್ಲಿ ಹಿಡಿಯುವುದು, ಕಣ್ಣಿಟ್ಟು ನೋಡುವುದು, ಬೇರೆ ಬೇರೆ ಮಾಡುವುದು ಎಲ್ಲ ಅದರಲ್ಲಿದೆ. ಗಣಿತ ಬೇಕೆಂದರೆ ಅಲ್ಲೇ ಮೂರು ಎಣಿಸಿ. ನೂರು ಬೇಡ, ಮೂರು. 'ಮೂರು ತಾ' ಎಂದರೆ ಮೂರೇ ತಂದನೆಂದರೆ, ನೂರರವರೆಗೆ ಬಾಯಿಪಾಠ ಒಪ್ಪಿಸುವವನಿಗಿಂತ ಅವನ ಲೆಕ್ಕ ಗಟ್ಟಿ.

ಮೂರನೆಯದು ಆ ಕೈ ಅಡ್ಡ ಹಿಡಿಯುವುದು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು ಹಾಕಿ. ಕೈ ಹಿಡಿದು ಮಾಡಿಸಿದೆನೋ, ಮಾಡಿ ತೋರಿಸಿದೆನೋ, ಬಾಯಲ್ಲಿ ಹೇಳಿದ್ದು ಸಾಕಾಯಿತೋ, ತಾನೇ ಮಾಡಿದನೋ, ನಾಲ್ಕೇ ಗುರುತು. ಐದು ಸಲದಲ್ಲಿ ನಾಲ್ಕು ಸಲ ತಾನೇ ಮಾಡಿದ, ಅದೂ ಬೇರೆ ಬೇರೆ ದಿನ, ಅಪ್ಪನ ಎದುರಿಗೂ ಮಾಡಿದ ಎಂದಾದರೆ ಆ ಗುರಿ ದಾಟಿದ ಹಾಗೆ. ಮೂರು ತಿಂಗಳಾದರೂ ಗುರುತು ಅಲುಗದಿದ್ದರೆ ಮಾಣಿಯನ್ನು ಬೈಯಬೇಡಿ, ಗುರಿಯನ್ನು ಇನ್ನೂ ಚಿಕ್ಕದು ಮಾಡಿ. ಜ್ವರ ಬಂದ ವಾರ, ಮನೆಯಲ್ಲಿ ಪೂಜೆ ಇದ್ದ ವಾರ ಲೆಕ್ಕಕ್ಕೆ ಬೇಡ.

ನಮ್ಮ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಡೌನ್ ಸಿಂಡ್ರೋಮ್ ಇರುವ ಒಬ್ಬ ಯುವಕನಿದ್ದಾನೆ. ವಿಳಾಸದ ಚೀಟಿ ಅಂಟಿಸುವುದು ಅವನ ಕೆಲಸ. ಓದಲು ಬರುವುದಿಲ್ಲ. ರಟ್ಟಿನಲ್ಲಿ ಚೀಟಿಯಳತೆಯ ಕಿಂಡಿ ಕತ್ತರಿಸಿಕೊಟ್ಟಿದ್ದಾರೆ. ಅದನ್ನು ಮೂಲೆಗೆ ಸರಿಯಾಗಿ ಕೂರಿಸಿ, ಒಳಗೆ ಚೀಟಿ ಇಟ್ಟು, ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ಒತ್ತುತ್ತಾನೆ. ನಿಮ್ಮ ಪ್ರತಿಯ ಮೇಲೆ ಚೀಟಿ ನೆಟ್ಟಗಿದೆಯೋ ನೋಡಿ. ಅವನು ರಜೆ ಹಾಕಿದ ತಿಂಗಳು ನಾನು ಅಂಟಿಸಿದ್ದು ಸೊಟ್ಟಗಿತ್ತು ಎಂದು ಓದುಗರೊಬ್ಬರು ಬರೆದಿದ್ದರು. ಅವನ ಅಮ್ಮ ಮನೆಯಲ್ಲಿ ಹಳೆಯ ಪೇಪರಿನ ತೊಟ್ಟೆ ಅಂಟಿಸಲು ಕೂರಿಸಿಕೊಂಡೇ ಕಲಿಸಿದ್ದು. ಎರಡನೇ ಕ್ಲಾಸಿನ ಪುಸ್ತಕ ಆ ಮನೆಯಲ್ಲೂ ಇತ್ತು. ಯಾರೂ ತೆರೆಯಲಿಲ್ಲ ಅಷ್ಟೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಾಲೆ ತೆರೆಯುವ ಮೊದಲು ಕಲಿಸುತ್ತಿದ್ದದ್ದು ಯಾರಿಗೆ ಗೊತ್ತೇ? ನಿಮ್ಮ ಮಾಣಿಯಂಥ ಮಕ್ಕಳಿಗೆ. ಅವರ ಜೊತೆ ಕಲಿತದ್ದನ್ನೇ ಆಮೇಲೆ ಬೇರೆ ಮಕ್ಕಳಿಗೂ ತಂದರು. ಈಗ ಅದೇ ಹೆಸರಿನ ಬೋರ್ಡ್ ಹಾಕಿಕೊಂಡವರ ಬಳಿ ಇಂಥ ಮಗುವನ್ನು ಕರೆದುಕೊಂಡು ಹೋಗಿ ನೋಡಿ. 'ಸೀಟಿಲ್ಲ' ಎನ್ನುತ್ತಾರೆ.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಹೆಚ್ಚು ಕೆಣಕಿತು. ಮನೆಯಲ್ಲಿ ಹವ್ಯಕ ಭಾಷೆ, ತೋಟಕ್ಕೆ ಬರುವವರ ಜೊತೆ ತುಳು. ಮಾತು ಕಲಿಸುವ ಕ್ಲಾಸು ಮಾತ್ರ ಮಲಯಾಳದಲ್ಲಿ, ಮೌಲ್ಯಮಾಪನದ ಫಾರಂ ಸಹ ಮಲಯಾಳದಲ್ಲಿ. ಸಾಲದ್ದಕ್ಕೆ ಯಾರೋ 'ಮನೆಯಲ್ಲೂ ಒಂದೇ ಭಾಷೆ ಮಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ' ಎಂದರಂತೆ. ಮಾಡಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಡೌನ್ ಸಿಂಡ್ರೋಮ್, ಆಟಿಸಂ ಇರುವ ಮಕ್ಕಳನ್ನು ಇಟ್ಟುಕೊಂಡು ನಡೆದ ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಇಪ್ಪತ್ತು ಶಬ್ದವಿರುವ ಹುಡುಗನಿಂದ ಅವನ ಅಜ್ಜಿಯ ಮಾತನ್ನು ಕಿತ್ತುಕೊಂಡರೆ ಅವನು ಯಾರ ಹತ್ತಿರ ಮಾತಾಡಬೇಕು?

ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನಮಗೆಲ್ಲ ಅದು ಬೇಕು. ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಅದರ ವಿರುದ್ಧ ಹೋರಾಡಿದವರಲ್ಲಿ ಮಲಯಾಳಿಗಳೂ ಇದ್ದರು, ಕನ್ನಡದವರೂ ಇದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದಿತು. ನಮ್ಮ ಪಂಚಾಯತುಗಳಲ್ಲಿ ಇಂಥ ಮಕ್ಕಳಿಗಾಗಿ ಬಡ್ಸ್ ಎಂಬ ವಿಶೇಷ ಶಾಲೆಗಳಾದವು, ಒಳ್ಳೆಯದೇ ಆಯಿತು. ಆದರೆ ಮಗು ಯಾವ ಭಾಷೆಯಲ್ಲಿ ಹಸಿವು ಹೇಳುತ್ತದೆ ಎಂದು ಕೇಳುವ ಒಂದು ಕಾಲಂ ಆ ಫಾರಮ್ಮಿನಲ್ಲಿ ಇಲ್ಲವಂತೆ, ನೀವೇ ಬರೆದಿದ್ದೀರಿ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿ ಎನ್ನುತ್ತದೆ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ ತೀವ್ರ ಮತ್ತು ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 40 ಶೇಕಡಾಕ್ಕೆ ಕಮ್ಮಿಯಿಲ್ಲದ ವೈಕಲ್ಯವಿರುವ ಮಗುವಿಗೆ 18ರವರೆಗೆ ಉಚಿತ ಶಿಕ್ಷಣ ಕೊಡಬೇಕು ಎನ್ನುತ್ತದೆ. ಕನ್ನಡಿಗರು ಕೇರಳ ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಇಲ್ಲಿನ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ. ನಮ್ಮವರು ಭಾಷಣಕ್ಕೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ಎತ್ತುತ್ತಾರೆ, ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಮಲಯಾಳ ಅರ್ಜಿಗೆ ತೆಪ್ಪಗೆ ಸಹಿ ಹಾಕುತ್ತಾರೆ.

ನೀವು ಹಾಗೆ ಮಾಡಬೇಡಿ. ಫಾರಂ ಕನ್ನಡದಲ್ಲಿ ಬೇಕು, ಮಾತಿನ ಕ್ಲಾಸಿಗೆ ಕನ್ನಡ ಬಲ್ಲವರು ಬೇಕು ಎಂದು ಒಂದು ಪುಟದ ಅರ್ಜಿ ಕನ್ನಡದಲ್ಲೇ ಬರೆಯಿರಿ. ಬರೆಯುವ ಕೆಲಸ ಭಾವನವರಿಗೆ ಕೊಡಿ, ಮಾಷ್ಟ್ರ ಅಕ್ಷರ ಚೆಂದ ಇರುತ್ತದೆ. ಕೊಟ್ಟದ್ದಕ್ಕೆ ರಸೀದಿ ಕೇಳಿ ತೆಗೆದುಕೊಳ್ಳಿ. ಒಂದು ಪ್ರತಿ ನಮಗೂ ಕಳಿಸಿ, ಉತ್ತರ ಬಂದರೂ ಬಾರದಿದ್ದರೂ ಈ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂ.