ಒಸಡು ಬಿಡಿಸುವ ಎರಡನೆಯ ಶಸ್ತ್ರಕ್ರಿಯೆ: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 61 ವರ್ಷ. ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮ್ಮ ಅಡಿಕೆ ತೋಟವಿದೆ. ನಾಲ್ಕು ತಿಂಗಳ ಹಿಂದೆ ಕೆಳಗಿನ ದವಡೆಗೆ ಇಂಪ್ಲಾಂಟ್ (ಕೃತಕ ಹಲ್ಲಿಗೆ ಆಧಾರವಾಗುವ ಲೋಹದ ಬೇರು) ಕೂರಿಸಿ, ಮೇಲಿನಿಂದ ಒಸಡನ್ನು ಹೊಲಿದಿದ್ದರು. ಈಗ ಮತ್ತೆ ಬರಬೇಕೆಂದು ಹೇಳಿ ಮಲಯಾಳದಲ್ಲಿ ಅಚ್ಚಾದ ಒಪ್ಪಿಗೆ ಪತ್ರವೊಂದನ್ನು ಕೊಟ್ಟಿದ್ದಾರೆ. ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬಾರದು. ಮೊಮ್ಮಗಳು ಓದಿ, “ಅಬಟ್‌ಮೆಂಟ್ ಶಸ್ತ್ರಕ್ರಿಯೆ ಎಂದು ಬರೆದಿದೆ ಅಜ್ಜ” ಎಂದಳು. ಮೊದಲ ಸಲದಂತೆ ಪುನಃ ಎಲುಬನ್ನು ಕೊರೆಯುತ್ತಾರೆಯೇ? ನನಗೆ ಸಕ್ಕರೆ ಕಾಯಿಲೆಯಿದೆ, ಹೃದಯಕ್ಕಾಗಿ ಆಸ್ಪಿರಿನ್ ಮಾತ್ರೆಯನ್ನೂ ಸೇವಿಸುತ್ತಿದ್ದೇನೆ. ತೋಟಕ್ಕೆ ಮದ್ದು ಬಿಡುವ ಸಮಯವಾದ್ದರಿಂದ ಎಷ್ಟು ದಿನ ಕೆಲಸ ಬಿಡಬೇಕಾದೀತು? ಎಲೆ ಅಡಿಕೆಯ ಅಭ್ಯಾಸವೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.
– ಓದುಗರೊಬ್ಬರು, ಪೆರ್ಲ

ಉತ್ತರ: ಎಲುಬನ್ನು ಕೊರೆಯುವ ಕೆಲಸ ಮೊದಲ ಸಲವೇ ಮುಗಿದಿದೆ. ಈಗ ನಡೆಯುವುದು ಒಸಡಿನಲ್ಲಿ ಮಾತ್ರ. ಜೀವಂತ ಎಲುಬು ಟೈಟಾನಿಯಂ ಲೋಹವನ್ನು ನೇರವಾಗಿ ಕಚ್ಚಿಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲಿ ಗಮನಿಸಿದರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅಂತಹ ಲೋಹದ ಬೇರುಗಳನ್ನು ಅಳವಡಿಸಿದರು. ಆ ಕಚ್ಚಿಕೊಳ್ಳುವಿಕೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಕೆಳದವಡೆಯ ಎಲುಬು ಗಟ್ಟಿಯಾದ್ದರಿಂದ ಅಲ್ಲಿ ಕಾಲ ಕಡಿಮೆ ಸಾಕಾಗುತ್ತದೆ. ನಿಮ್ಮ ನಾಲ್ಕು ತಿಂಗಳು ಕಳೆದದ್ದು ಇದಕ್ಕಾಗಿಯೇ.

ಆ ದಿನ ಮೊದಲು ಎಕ್ಸ್-ರೇ ತೆಗೆದು ಎಲುಬು ಸರಿಯಾಗಿ ಕೂಡಿದೆಯೇ ಎಂದು ನೋಡುತ್ತಾರೆ. ಅನಂತರ ಇಂಜೆಕ್ಷನ್ ಕೊಟ್ಟು ಆ ಜಾಗವನ್ನಷ್ಟೇ ಮರಗಟ್ಟಿಸಿ, ಒಸಡಿನಲ್ಲಿ ಸಣ್ಣ ಗೀರು ಹಾಕಿ, ಇಂಪ್ಲಾಂಟಿನ ಬಾಯಿಗೆ ಮುಚ್ಚಿದ್ದ ಚಿಕ್ಕ ತಿರುಪನ್ನು ಬಿಚ್ಚಿ, ಅದರ ಜಾಗದಲ್ಲಿ ಒಸಡಿನಿಂದ ತುಸು ಮೇಲಕ್ಕೆ ಕಾಣುವಂತಹ ಲೋಹದ ಗುಂಡಿಯೊಂದನ್ನು ತಿರುಗಿಸಿ ಕೂರಿಸುತ್ತಾರೆ. ಇದನ್ನು ಹೀಲಿಂಗ್ ಅಬಟ್‌ಮೆಂಟ್ ಅಥವಾ ಹೀಲಿಂಗ್ ಕ್ಯಾಪ್ ಎನ್ನುತ್ತಾರೆ. ಅಗತ್ಯವಿದ್ದರೆ ಒಂದೆರಡು ಹೊಲಿಗೆ ಬೀಳುತ್ತದೆ. ಒಂದೇ ಇಂಪ್ಲಾಂಟ್ ಆದರೆ ಅರ್ಧ ಗಂಟೆಯ ಒಳಗೆ ಮುಗಿಯುವುದೇ ಹೆಚ್ಚು. ಕೆಲವರಿಗೆ ಈ ಗುಂಡಿಯನ್ನು ಮೊದಲ ದಿನವೇ ಹಾಕಿರುತ್ತಾರೆ. ಅವರಿಗೆ ಈ ಎರಡನೆಯ ಹಂತವೇ ಇರುವುದಿಲ್ಲ.

ಗುಂಡಿಯ ಸುತ್ತ ಒಸಡು ಕೊರಳಪಟ್ಟಿಯಂತೆ ಮಾಗಲು ಎರಡರಿಂದ ನಾಲ್ಕು ವಾರ ಬೇಕು. ಆಮೇಲೆ ಅಳತೆ ತೆಗೆದು, ನಿಜವಾದ ಅಬಟ್‌ಮೆಂಟನ್ನೂ (ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಕೊಂಡಿ) ಅದರ ಮೇಲೆ ಹಲ್ಲನ್ನೂ ಕೂರಿಸುತ್ತಾರೆ. ನನ್ನ ಅನುಭವದಲ್ಲಿ ರೋಗಿಗಳು ಹೆದರುವುದು ಶಸ್ತ್ರಕ್ರಿಯೆಯ ಆ ಅರ್ಧ ಗಂಟೆಗೆ. ಎಚ್ಚರ ತಪ್ಪುವುದು ಈ ಮಾಗುವ ವಾರಗಳಲ್ಲಿ.

ಮರಗಟ್ಟಿದ್ದು ಬಿಡುವವರೆಗೆ, ಅಂದರೆ ಎರಡು ಮೂರು ಗಂಟೆ, ಏನನ್ನೂ ಅಗಿಯಬೇಡಿ, ಕೆನ್ನೆಯನ್ನೇ ಕಚ್ಚಿಕೊಂಡವರಿದ್ದಾರೆ. ಮೊದಲ ದಿನ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗಿಯುವುದು, ಬೊಂಡಕ್ಕೆ ಕೊಳವೆ ಹಾಕಿ ಎಳೆದು ಕುಡಿಯುವುದು ಬೇಡ. ಲೋಟಕ್ಕೆ ಬಗ್ಗಿಸಿ ಕುಡಿಯಬಹುದು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲನೆ ಮುಕ್ಕಳಿಸಿ. ಆರಿದ ಕುಚ್ಚಲಕ್ಕಿ ಗಂಜಿ, ಖಾರವಿಲ್ಲದ ತಂಬುಳಿ ಈ ದಿನಗಳಿಗೆ ಹೇಳಿ ಮಾಡಿಸಿದ ಊಟ. ಮಳೆಗಾಲದ ಹಲಸಿನ ಹಪ್ಪಳ ಒಸಡು ಮಾಗುವವರೆಗೆ ಆ ಬದಿಗೆ ಹೋಗದಿರಲಿ. ಎರಡು ಮೂರು ದಿನ ನೋವು, ಸ್ವಲ್ಪ ಊತ, ಉಗುಳಿನಲ್ಲಿ ರಕ್ತದ ಬಣ್ಣ ಇರಬಹುದು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ಸಾಕು. ಮೂರನೆಯ ದಿನದ ಬಳಿಕ ನೋವು ಏರುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ತಡಮಾಡದೆ ತೋರಿಸಿ. ತೋಟಕ್ಕೆ ಮರುದಿನ ಸುತ್ತು ಹಾಕಿ ಬರಬಹುದು. ಮದ್ದಿನ ಪಂಪು, ಭಾರ ಹೊರುವುದು ಮಾತ್ರ ಎರಡು ಮೂರು ದಿನ ಇತರರ ಪಾಲಿಗಿರಲಿ.

ಆಸ್ಪಿರಿನನ್ನು ನೀವಾಗಿ ನಿಲ್ಲಿಸಲೇಬೇಡಿ. ಇಷ್ಟು ಸಣ್ಣ ಗೀರಿನ ರಕ್ತವನ್ನು ಬಟ್ಟೆ ಒತ್ತಿ ಹಿಡಿದು ನಿಲ್ಲಿಸಬಹುದು, ಹೃದಯಾಘಾತವನ್ನು ಹಾಗೆ ನಿಲ್ಲಿಸಲಾಗದು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ (HbA1c) ಮಾಡಿಸಿ ವರದಿ ಒಯ್ಯಿರಿ. ಅದು ಶೇಕಡಾ 8 ದಾಟಿದ್ದರೆ ಮೊದಲು ಸಕ್ಕರೆಯನ್ನು ಹತೋಟಿಗೆ ತಂದು ಆಮೇಲೆ ಮಾಡೋಣ ಎಂದು ವೈದ್ಯರು ಹೇಳಬಹುದು. ಎಲುಬು ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ಪಡೆಯುವವರು ಅದನ್ನೂ ತಿಳಿಸಬೇಕು.

ಇನ್ನು ಎಲೆ ಅಡಿಕೆಯ ಮಾತು. ಅಡಿಕೆಯಿಂದಲೇ ಬದುಕುವ ನಾಡಿನಲ್ಲಿ ಇದನ್ನು ಬರೆಯಲು ನನಗೂ ಸಂಕೋಚವೇ. ಆದರೂ ಸುಣ್ಣ, ಹೊಗೆಸೊಪ್ಪು ಎರಡೂ ಹಸಿ ಒಸಡನ್ನು ಕೆರಳಿಸುತ್ತವೆ, ಹೊಗೆಸೊಪ್ಪು ಮಾಗುವಿಕೆಯನ್ನೂ ತಡೆಯುತ್ತದೆ, ಅಡಿಕೆಯ ಚೂರು ಗುಂಡಿಯ ಅಂಚಿನಲ್ಲಿ ಸಿಕ್ಕಿ ಕೊಳೆಯುತ್ತದೆ. ಹೊಗೆಸೊಪ್ಪಿಲ್ಲದ ಕವಳವನ್ನೂ, ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದೆ. ಆದ್ದರಿಂದ ಹಲ್ಲು ಕೂರುವವರೆಗಂತೂ ಬಿಡಿ. ಅಷ್ಟು ದಿನ ಬಿಟ್ಟಿರಲು ಆದವರಿಗೆ ಪೂರ್ತಿ ಬಿಡುವುದೂ ಆದೀತು.

ಒಪ್ಪಿಗೆ ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ರೋಗಿಯ ಹಕ್ಕು. ಮೊಮ್ಮಗಳನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಹತ್ತು ದಿನಗಳ ಹಿಂದೆ ಹಾಕಿದ ಲೋಹದ ಗುಂಡಿ ಊಟ ಮಾಡುವಾಗ ಅಲುಗಾಡುತ್ತಿದೆ. ಇಂಪ್ಲಾಂಟೇ ಕೆಟ್ಟಿತೇ?
– ಗೃಹಿಣಿ, ಮಂಜೇಶ್ವರ

ಉತ್ತರ: ಬಹಳ ಸಲ ಸಡಿಲವಾಗುವುದು ಗುಂಡಿಯ ತಿರುಪು ಮಾತ್ರ, ಅದನ್ನು ಕೆಲವೇ ನಿಮಿಷಗಳಲ್ಲಿ ಬಿಗಿಮಾಡಬಹುದು. ಇಂಪ್ಲಾಂಟೇ ಅಲುಗಾಡುತ್ತಿದ್ದರೆ ಎಲುಬು ಕೂಡಿಲ್ಲವೆಂದು ಅರ್ಥ. ಅದನ್ನು ತೆಗೆದು, ಎಲುಬು ಮಾಗಿದ ಮೇಲೆ ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಇವೆರಡರಲ್ಲಿ ಯಾವುದೆಂದು ವೈದ್ಯರೇ ನೋಡಿ ಹೇಳಬೇಕು. ನೀವಾಗಿ ಬೆರಳಿನಿಂದ ತಿರುಗಿಸಬೇಡಿ. ಗುಂಡಿ ಕಳಚಿ ಬಂದರೆ ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಅಂದೇ, ತಪ್ಪಿದರೆ ಮರುದಿನವೇ ಹೋಗಿ. ಒಸಡು ಬೇಗನೆ ಮುಚ್ಚಿಕೊಳ್ಳುತ್ತದೆ, ತಡವಾದರೆ ಮತ್ತೆ ಗೀರು ಹಾಕಬೇಕಾಗುತ್ತದೆ.