ಹಳೆಯ ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಗೇಮ್ ಆಡುವ ಓದುಗರಿಂದ ಈ ಬಾರಿ ಬಂದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ‘ಕಾರ್ಡ್ ಹಳೆಯದಾಯಿತು, ಯಾವುದನ್ನು ಕೊಳ್ಳಲಿ?’ ಕೊಳ್ಳುವ ಮಾತು ಆಮೇಲಿರಲಿ, ಕೊರತೆ ಇರುವುದು ಕಾರ್ಡ್‌ನಲ್ಲೇ ಹೌದೋ ಅಲ್ಲವೋ ಎಂಬುದು ಮೊದಲು ಗೊತ್ತಾಗಬೇಕು. ಅದನ್ನು ಅಳೆಯಲು ಹತ್ತು ನಿಮಿಷ ಸಾಕು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನನ್ನದು ಇಂಟೆಲ್ ಐ5-7400, 8 ಜಿಬಿ ರ್ಯಾಮ್ (ಒಂದೇ ಕಡ್ಡಿ), ಜಿಟಿಎಕ್ಸ್ 1050 ಟಿಐ. ಹೊಸ ಗೇಮ್‌ಗಳು ಸೆಕೆಂಡಿಗೆ 30 ಫ್ರೇಮ್ (ಚಿತ್ರ) ದಾಟುವುದಿಲ್ಲ, ಜೊತೆಗೆ ನಡುನಡುವೆ ಗಕ್ಕನೆ ನಿಂತು ಹೋಗುತ್ತವೆ. ಆರ್‌ಟಿಎಕ್ಸ್ 4060 ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶವನ್ನು, ಪರದೆಯ ಮೇಲೆ ಅಂಕಿ ತೋರಿಸುವ ಅದರ ಜೊತೆಗಾರ ರಿವಾಟ್ಯೂನರ್ ಸಮೇತ ಹಾಕಿಕೊಳ್ಳಿ. ಗೇಮ್ ನಡೆಯುವಾಗ ಪರದೆಯ ಮೂಲೆಯಲ್ಲಿ ನಾಲ್ಕು ಅಂಕಿ ಕಾಣುವಂತೆ ಮಾಡಿ: ಕಾರ್ಡ್‌ನ ಬಳಕೆ, ಪ್ರೊಸೆಸರ್‌ನ ಒಂದೊಂದು ಕೋರ್‌ನ ಬಳಕೆ, ವಿಡಿಯೊ ಮೆಮೊರಿ, ರ್ಯಾಮ್. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡಿಡಿ. ಅವು ಚಾಲೂ ಇದ್ದರೆ ಕಾರ್ಡ್ ಆರಾಮವಾಗಿ 60 ಶೇಕಡಾದಲ್ಲಿ ಕೂತಿರುತ್ತದೆ, ನೀವು ಪ್ರೊಸೆಸರನ್ನು ಬೈಯುತ್ತೀರಿ.

ಕಾರ್ಡ್ ಸತತವಾಗಿ 95ರಿಂದ 99 ಶೇಕಡಾ ದುಡಿಯುತ್ತಿದ್ದರೆ ತಡೆ ಅದರದ್ದೇ. ಅದು 60–70ರಲ್ಲಿ ತೂಗಾಡುತ್ತ ಪ್ರೊಸೆಸರ್ ಕೋರ್‌ಗಳು 100 ಮುಟ್ಟಿದ್ದರೆ ಹೊಸ ಕಾರ್ಡ್‌ನಿಂದ ಏನೂ ಬದಲಾಗದು. ಖಾತ್ರಿಯಾಗಬೇಕಿದ್ದರೆ ರೆಸಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಆಡಿ ನೋಡಿ. ಫ್ರೇಮ್ ಏರಿದರೆ ದೋಷ ಕಾರ್ಡ್‌ನದು, ಏರದಿದ್ದರೆ ಪ್ರೊಸೆಸರ್‌ನದು.

ನಿಮ್ಮ ಯಂತ್ರದಲ್ಲಿ ಎರಡೂ ಸೋತಿವೆ ಎಂದೇ ನಮ್ಮ ಅಂದಾಜು. ಐ5-7400ಕ್ಕೆ ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ರ್ಯಾಮ್ 8 ಜಿಬಿ ಮಾತ್ರ ಇರುವುದರಿಂದ ಗೇಮ್ ಮತ್ತೆ ಮತ್ತೆ ಡಿಸ್ಕ್‌ಗೆ ಕೈಚಾಚುತ್ತದೆ. ನೀವು ಹೇಳಿದ ‘ಗಕ್ಕನೆ ನಿಲ್ಲುವುದು’ ಬಹುತೇಕ ಇದರಿಂದಲೇ. ಒಂದೇ ಕಡ್ಡಿ ಹಾಕಿದಾಗ ಮೆಮೊರಿಯ ವೇಗವೂ ಎರಡು ಕಡ್ಡಿ ಕೊಡುವುದರ ಅರ್ಧ. ಇದರ ಮೇಲೆ 4060 ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ಮೊದಲು 8 ಜಿಬಿಯ ಎರಡು ಕಡ್ಡಿಯಾಗುವಂತೆ ರ್ಯಾಮ್ ಹಾಕಿ, ಮತ್ತೆ ಅಳೆಯಿರಿ.

ಇಷ್ಟಾದ ಮೇಲೂ ಕಾರ್ಡ್ ಬೇಕೆನಿಸಿದರೆ ನಿಮಗೆ ಹೊಂದುವುದು ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಅದು ಎಳೆಯುವುದು 70 ವ್ಯಾಟ್. ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್ ಒಂದೇ 75 ವ್ಯಾಟ್ ಕೊಡುವುದರಿಂದ ಹೆಚ್ಚಿನ ತಯಾರಕರ ಕಾರ್ಡ್‌ಗಳಿಗೆ ಬೇರೆ ವಿದ್ಯುತ್ ಕೇಬಲ್ ಬೇಡ, ಈಗಿನ 1050 ಟಿಐ ಹಾಗೆಯೇ. ಎಚ್ಚರಿಕೆ ಒಂದೇ: 3050 ಹೆಸರಿನದೇ 8 ಜಿಬಿ ಮಾದರಿ 130 ವ್ಯಾಟ್ ಎಳೆಯುತ್ತದೆ, ಕೇಬಲ್ ಬೇಕೇ ಬೇಕು. ಹೆಸರು ಒಂದು, ಸರಕು ಎರಡು. ಪ್ರೊಸೆಸರ್, ಬೋರ್ಡ್ ಸಮೇತ ಬದಲಿಸುವ ಯೋಚನೆ ಇದ್ದರೆ ಈಗ ಕಾರ್ಡ್‌ಗೆ ದುಡ್ಡು ಸುರಿಯದೆ ತಡೆಯಿರಿ. ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಇಲ್ಲ.

ಪ್ರಶ್ನೆ: ರೈಜೆನ್ 5 2600, ಬಿ450 ಬೋರ್ಡ್, 16 ಜಿಬಿ ರ್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಜಿಟಿಎಕ್ಸ್ 1060 6 ಜಿಬಿ ಕಾರ್ಡ್ ತೆಗೆದು ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, ಇಂಟೆಲ್ ಆರ್ಕ್ ಬಿ580 ಇವುಗಳಲ್ಲಿ ಒಂದನ್ನು ಹಾಕಬೇಕೆಂದಿದ್ದೇನೆ. ಎಸ್‌ಎಂಪಿಎಸ್ ಬದಲಿಸಬೇಕೇ?

ಉತ್ತರ: ಮೂರರಲ್ಲಿ ಬಿ580ಯನ್ನು ಮೊದಲೇ ಬದಿಗಿಡಿ. 12 ಜಿಬಿ ಮೆಮೊರಿ ನೋಡಿದರೆ ಆಸೆಯಾಗುವುದು ನಿಜ. ಆದರೆ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ ಇಲ್ಲದಿದ್ದರೆ ವೇಗ ಕುಸಿಯುತ್ತದೆ. ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನು ತುಂಡು ತುಂಡಾಗಿ ಅಲ್ಲದೆ ಇಡಿಯಾಗಿ ನೋಡುವ ಸೌಲಭ್ಯ ಅದು. ನಿಮ್ಮ 2600 ಅದರ ಅಧಿಕೃತ ಬೆಂಬಲ ಪಟ್ಟಿಯಲ್ಲಿಲ್ಲ. ಅಲ್ಲದೆ ಬಿ580ಯ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುವುದರಿಂದ ಹಳೆಯ ಪ್ರೊಸೆಸರ್ ಜೊತೆ ಅದು ಉಳಿದೆರಡಕ್ಕಿಂತ ಜಾಸ್ತಿ ಸೊರಗುತ್ತದೆ.

ಪಿಸಿಐಇ ಎಂದರೆ ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕ, ಲೇನ್ ಎಂದರೆ ಅದರ ಒಂದೊಂದು ದಾರಿ. ಉಳಿದ ಎರಡೂ ಪಿಸಿಐಇ 4.0ರ ಎಂಟು ಲೇನ್ ಮಾತ್ರ ಬಳಸುವ ಕಾರ್ಡ್‌ಗಳು. ಸ್ಲಾಟ್ ನೋಡಲು ಉದ್ದಕ್ಕಿದ್ದರೂ ಕೆಲಸ ಮಾಡುವುದು ಅರ್ಧ ಸಂಪರ್ಕ. ಬಿ450 ಪಿಸಿಐಇ 3.0. ಅಲ್ಲಿ ಲೇನ್ ಒಂದಕ್ಕೆ ಸೆಕೆಂಡಿಗೆ ಸುಮಾರು 1 ಜಿಬಿ, ಎಂಟಕ್ಕೆ 8 ಜಿಬಿ. ವಿಡಿಯೊ ಮೆಮೊರಿ ಸಾಲುವವರೆಗೆ ಇದರ ನಷ್ಟ ಅಷ್ಟಾಗಿ ಕಾಣದು. 8 ಜಿಬಿ ತುಂಬಿ, ಉಳಿದ ಟೆಕ್ಸ್ಚರ್‌ಗಳು (ಗೇಮ್‌ನ ವಸ್ತುಗಳ ಮೇಲ್ಮೈ ಚಿತ್ರಗಳು) ರ್ಯಾಮ್‌ನಿಂದ ಬರತೊಡಗಿದಾಗ ಈ ಇಕ್ಕಟ್ಟು ಬಾಗಿಲು ಕಾಡುತ್ತದೆ. ಆಗ ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು, ಬೇರೆ ಸೆಟ್ಟಿಂಗ್ ಮುಟ್ಟಬೇಕಿಲ್ಲ. ಇದೇ ಕಾರಣಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬೇಡ: ನಾಲ್ಕೇ ಲೇನ್, ಸಾಮಾನ್ಯ ಮಾದರಿಯಲ್ಲಿ ನಾಲ್ಕೇ ಜಿಬಿ. ಹಳೆಯ ಬೋರ್ಡ್‌ನಲ್ಲಿ ಅದು ನಿಮ್ಮ 1060ಕ್ಕಿಂತ ಹೆಚ್ಚೇನೂ ಕೊಡದು.

ವಿದ್ಯುತ್ತಿನ ಲೆಕ್ಕ ನೀವು ಹೆದರಿದಷ್ಟು ಕಠಿಣವಿಲ್ಲ. 1060 ಎಳೆಯುವುದು 120 ವ್ಯಾಟ್, 4060 ಎಳೆಯುವುದು 115, 6600 ಎಳೆಯುವುದು 132. ಪ್ರೊಸೆಸರ್‌ಗೆ 90, ಬೋರ್ಡ್, ಫ್ಯಾನ್, ಡಿಸ್ಕ್‌ಗಳಿಗೆ 50 ಎಂದಿಟ್ಟುಕೊಂಡರೂ ಒಟ್ಟು 250–275ರೊಳಗೆ ಮುಗಿಯುತ್ತದೆ. ತಯಾರಕರು 4060ಕ್ಕೆ 550 ವ್ಯಾಟ್ ಎನ್ನುವುದು ಕಳಪೆ ಎಸ್‌ಎಂಪಿಎಸ್‌ಗಳನ್ನೂ ಲೆಕ್ಕಕ್ಕೆ ಹಿಡಿದು. ಆದ್ದರಿಂದ ನಿಮ್ಮದರ ಚೀಟಿಯಲ್ಲಿ ‘450’ ಎಂಬ ದೊಡ್ಡ ಅಂಕಿ ಬಿಟ್ಟು, 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ, 12ರಿಂದ ಗುಣಿಸಿ. 34 ಆಂಪಿಯರ್ ಇದ್ದರೆ 408 ವ್ಯಾಟ್, ನಿಶ್ಚಿಂತೆ. 20 ಆಂಪಿಯರ್ ಇದ್ದರೆ 240 ವ್ಯಾಟ್. ಅಂಥದನ್ನು ಕಾರ್ಡ್‌ಗಿಂತ ಮೊದಲು ಬದಲಿಸಿ.

1060ಕ್ಕೆ ಸಾಮಾನ್ಯವಾಗಿ 6 ಪಿನ್ ಇರುತ್ತದೆ. ಹೊಸದಕ್ಕೆ ಬಹುತೇಕ 8 ಪಿನ್ ಬೇಕು. ನಿಮ್ಮ ಕೇಬಲ್ ತುದಿಯಲ್ಲಿ 6ರ ಪಕ್ಕ ಇನ್ನೆರಡು ಪಿನ್ ನೇತಾಡುತ್ತಿದ್ದರೆ ಅದೇ 8 ಪಿನ್. ಇಲ್ಲದಿದ್ದರೆ ಡಿಸ್ಕ್‌ಗೆ ವಿದ್ಯುತ್ ಕೊಡುವ ಸಾಟಾ ಕನೆಕ್ಟರ್‌ನಿಂದ 8 ಪಿನ್ ಮಾಡುವ ಅಡಾಪ್ಟರ್ ಕಡೆ ತಲೆ ಹಾಕಬೇಡಿ. ಸಾಟಾದ 12 ವೋಲ್ಟ್ ಪಿನ್‌ಗಳು ಕೊಡಬಲ್ಲದ್ದು 54 ವ್ಯಾಟ್, 8 ಪಿನ್‌ನಿಂದ ಕಾರ್ಡ್ ಕೇಳಬಹುದಾದ್ದು 150. ನಡುವಿನ ಪ್ಲಾಸ್ಟಿಕ್ ಕರಗುತ್ತದೆ.

ಕೊಳ್ಳುವ ಮುನ್ನ ಕ್ಯಾಬಿನೆಟ್ ಬಿಚ್ಚಿ, ಹಿಂಬದಿಯ ಸ್ಲಾಟ್ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ ಮಿಲಿಮೀಟರ್‌ನಲ್ಲಿ ಅಳೆಯಿರಿ. ಕಾರ್ಡ್ ಎಷ್ಟು ಸ್ಲಾಟ್ ದಪ್ಪ ಎಂಬುದನ್ನೂ ನೋಡಿ, ಕೆಳಗಿನ ಸಾಟಾ ಪ್ಲಗ್‌ಗಳಿಗೆ ಅದು ತಗಲುವುದುಂಟು. ಮುಂದೆ ಪ್ರೊಸೆಸರ್ ತಡೆಯಾದರೆ ಇದೇ ಬೋರ್ಡ್‌ಗೆ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಪರಿಷ್ಕರಿಸಿ ರೈಜೆನ್ 5 5600 ಹಾಕಬಹುದು. ಬಯಾಸ್ ಪರಿಷ್ಕರಣೆ 2600 ಇನ್ನೂ ಬೋರ್ಡ್‌ನಲ್ಲಿರುವಾಗಲೇ ಆಗಬೇಕು. ಹೊಸ ಪ್ರೊಸೆಸರ್ ಕೂರಿಸಿದ ಮೇಲೆ ಹಳೆಯ ಬಯಾಸ್‌ಗೆ ಅದರ ಗುರುತೇ ಸಿಗದು.

ಪ್ರಶ್ನೆ: ಹೊಸ ಕಾರ್ಡ್ ಕೂರಿಸಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ನ ಕಿಂಡಿಯಲ್ಲೇ ಉಳಿದಿದೆಯೇ ನೋಡಿ. ನಗಬೇಡಿ, ಅತಿ ಸಾಮಾನ್ಯವಾದ ತಪ್ಪು ಇದೇ. ಮಾನಿಟರ್‌ನ ಇನ್‌ಪುಟ್ ಆಯ್ಕೆಯನ್ನೂ ನೋಡಿ. ನಂತರ ಯಂತ್ರ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕಾರ್ಡ್ ತೆಗೆದು ಮತ್ತೆ ಕೂರಿಸಿ. ಸ್ಲಾಟ್ ತುದಿಯ ಕೊಂಡಿ ‘ಟಕ್’ ಎನ್ನಬೇಕು. ಹಿಂಬದಿಯ ತಿರುಪನ್ನು ಮೊದಲೇ ಬಿಗಿದರೆ ಕಾರ್ಡ್ ಓರೆಯಾಗಿ, ಒಂದು ತುದಿ ಅರ್ಧ ಎದ್ದು ನಿಲ್ಲುತ್ತದೆ. ಎರಡು 8 ಪಿನ್ ಇರುವ ಕಾರ್ಡ್‌ಗೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದರದೇ ಕವಲು ಬೇಡ.

ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡ್‌ನ 8 ಪಿನ್ ನೋಡಲು ಅಣ್ಣತಮ್ಮಂದಿರಂತಿದ್ದರೂ ತಂತಿಗಳ ಕ್ರಮ ತಿರುವು ಮುರುವು. 4+4 ಎಂದು ಸೀಳುವುದು ಪ್ರೊಸೆಸರ್‌ನದು, 6+2 ಎಂದು ಸೀಳುವುದು ಕಾರ್ಡ್‌ನದು. ಸರಿಯಾದ್ದು ಒತ್ತಾಯವಿಲ್ಲದೆ ಒಳಹೋಗುತ್ತದೆ. ಕಳಚಿಡಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲನ್ನು ಹೊಸದಕ್ಕೆ ಎಂದೂ ಹಾಕಬೇಡಿ. ಕಾರ್ಡ್ ಕಡೆಯ ತುದಿ ಒಂದೇ ರೀತಿ ಇದ್ದರೂ ಎಸ್‌ಎಂಪಿಎಸ್ ಕಡೆಯ ತುದಿಯ ಜೋಡಣೆ ಕಂಪನಿಗೊಂದು, ಕೆಲವೊಮ್ಮೆ ಮಾದರಿಗೊಂದು. ಡಿಸ್ಕ್ ಸುಟ್ಟುಹೋಗುವುದು ಹೀಗೆಯೇ.

ಇನ್ನೂ ಚಿತ್ರ ಬರದಿದ್ದರೆ ಹಳೆಯ ಕಾರ್ಡ್ ಮರಳಿ ಹಾಕಿ ಬಯಾಸ್ ಪರಿಷ್ಕರಿಸಿ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಯಂತ್ರ ಎಬ್ಬಿಸುವ ಸೌಲಭ್ಯ) ಆಫ್ ಮಾಡಬೇಕಾಗಿ ಬಂದರೆ ಮೊದಲು ವಿಂಡೋಸ್ ಇರುವ ಡಿಸ್ಕಿನ ವಿಂಗಡಣೆ ಹಳೆಯ ಎಂಬಿಆರ್ ರೀತಿಯದೋ ಹೊಸ ಜಿಪಿಟಿಯದೋ ನೋಡಿಕೊಳ್ಳಿ. ಎಂಬಿಆರ್ ಆಗಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ವಿಂಡೋಸ್ ಏಳುವುದಿಲ್ಲ. ಫೈಲ್‌ಗಳ ನಕಲು ತೆಗೆದಿಟ್ಟು, ವಿಂಡೋಸ್‌ನಲ್ಲೇ ಇರುವ ಎಂಬಿಆರ್-ಟು-ಜಿಪಿಟಿ ಸಾಧನದಿಂದ ಪರಿವರ್ತಿಸಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದವರು ಬಯಾಸ್ ಮುಟ್ಟುವ ಮುನ್ನ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಚಿತ್ರ ಬಂದು ಗೇಮ್ ಮಾತ್ರ ತಾನಾಗಿ ಮುಚ್ಚಿಹೋಗುತ್ತಿದ್ದರೆ ಹಳೆಯ ಡ್ರೈವರ್‌ನ ಅವಶೇಷಗಳ ಮೇಲೆ ಅನುಮಾನ. ಎನ್‌ವಿಡಿಯಾದಿಂದ ಎಎಂಡಿಗೆ ಅಥವಾ ಅಲ್ಲಿಂದ ಇಲ್ಲಿಗೆ ಬಂದವರು ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸುವ ಡಿಡಿಯು ತಂತ್ರಾಂಶ ಓಡಿಸಿ, ಆಮೇಲೆ ಹೊಸ ಡ್ರೈವರ್ ಹಾಕಬೇಕು. ಇಂಟರ್‌ನೆಟ್ ಇದ್ದರೆ ನಡುವೆ ವಿಂಡೋಸ್ ತನ್ನದೇ ಒಂದು ಡ್ರೈವರ್ ತುರುಕುತ್ತದೆ.

ಪ್ರಶ್ನೆ: ಬಳಸಿದ ಕಾರ್ಡ್ ಕೊಳ್ಳುವಾಗ ಏನೇನು ನೋಡಬೇಕು? ಜಿಟಿಎಕ್ಸ್ 1080, ಆರ್‌ಎಕ್ಸ್ 580, ಆರ್‌ಎಕ್ಸ್ 5700 ಎಕ್ಸ್‌ಟಿ ಕಣ್ಣಿಗೆ ಬಿದ್ದಿವೆ.

ಉತ್ತರ: ವೇಗಕ್ಕಿಂತ ಮೊದಲು ಆಯಸ್ಸು ನೋಡಿ. ಜಿಟಿಎಕ್ಸ್ 900 ಮತ್ತು 10 ಸರಣಿಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸುವುದಾಗಿ ಘೋಷಿಸಿತು. ಭದ್ರತಾ ಪರಿಷ್ಕರಣೆ ಮಾತ್ರ 2028ರ ಅಕ್ಟೋಬರ್‌ವರೆಗೆ. ಎರಡನೆಯದು, ‘ಡೂಮ್: ದ ಡಾರ್ಕ್ ಏಜಸ್’ನಂಥ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ) ಯಂತ್ರಾಂಶವಿಲ್ಲದ ಕಾರ್ಡ್‌ನಲ್ಲಿ ನಡೆಯುವುದೇ ಇಲ್ಲ. ನೀವು ಹೆಸರಿಸಿದ ಮೂರಕ್ಕೂ ಅದಿಲ್ಲ. 5700 ಎಕ್ಸ್‌ಟಿ ಕಚ್ಚಾ ಶಕ್ತಿಯಲ್ಲಿ ಆರ್‌ಟಿಎಕ್ಸ್ 2060ನ್ನು ಹಿಂದೆ ಹಾಕಿದರೂ ಇಲ್ಲಿ ಸೋಲುತ್ತದೆ. ಹಳೆಯ ಗೇಮ್, ಇ-ಸ್ಪೋರ್ಟ್ಸ್ ಮಾತ್ರ ಆಡುವವರಿಗೆ ಇದು ಚಿಂತೆಯ ವಿಷಯವಲ್ಲ.

ಕಾರ್ಡ್ ಕೈಗೆ ಬಂದಾಗ ಅದರ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. ಹಳೆಯ ಚಿಪ್‌ನ ಕಾರ್ಡ್‌ನಲ್ಲೇ ಇರುವ ಬಯಾಸ್ ತಿದ್ದಿ 1050 ಟಿಐ ಎಂದು ಮಾರುವವರಿದ್ದಾರೆ. ಅಂಥವುಗಳ ಹೆಸರಿನ ಮುಂದೆ ಅದು ‘ಫೇಕ್’ ಎಂದೇ ತೋರಿಸುತ್ತದೆ. ಶೇಡರ್ (ಚಿಪ್‌ನೊಳಗಿನ ಲೆಕ್ಕದ ಘಟಕ) ಸಂಖ್ಯೆಯನ್ನೂ ಓದಿ. ನಿಜವಾದ ಆರ್‌ಎಕ್ಸ್ 580ಕ್ಕೆ 2304 ಇರಬೇಕು. 2048 ಇದ್ದರೆ ಅದು ಬಹುಮಟ್ಟಿಗೆ 570. ಜಿಟಿಎಕ್ಸ್ 1060ರಲ್ಲೂ 6 ಜಿಬಿಯದಕ್ಕೆ 1280, 3 ಜಿಬಿಯದಕ್ಕೆ 1152. ಮೆಮೊರಿ ಮಾತ್ರ ಕಡಿಮೆ ಎಂದು ತಿಳಿದವರು ಮೋಸ ಹೋದರು.

ಅರ್ಧ ಗಂಟೆ ಭಾರದ ಗೇಮ್ ಓಡಿಸಿ, ಓಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ವಿಡಿಯೊ ಮೆಮೊರಿ ಪರೀಕ್ಷೆ ಮಾಡಿ. ಒಂದೇ ಒಂದು ದೋಷ ಬಂದರೂ ಬಿಟ್ಟುಬಿಡಿ. ಕ್ರಿಪ್ಟೊ ಗಣಿಗಾರಿಕೆಗೆ ದುಡಿದ ಕಾರ್ಡ್ ಎಂದಮಾತ್ರಕ್ಕೆ ಕೆಟ್ಟದ್ದಲ್ಲ. ಅಲ್ಲಿ ಸವೆಯುವುದು ಫ್ಯಾನ್ ಮತ್ತು ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆಯ ಪಟ್ಟಿ). ಬಯಾಸ್ ತಿದ್ದಿದ್ದರೆ ಮೂಲ ಬಯಾಸ್‌ಗೆ ಮರಳಿಸಬೇಕು.

ಪ್ರಶ್ನೆ: ಸದ್ಯಕ್ಕೆ ಹೊಸದು ಕೊಳ್ಳಲಾಗದು. ಹಳೆಯ ಕಾರ್ಡ್ 83 ಡಿಗ್ರಿಗೇರಿ ಕಿರುಚುತ್ತದೆ. ಇನ್ನೊಂದು ವರ್ಷ ತಳ್ಳುವುದು ಹೇಗೆ?

ಉತ್ತರ: ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಗಾಳಿ ಊದಿ ದೂಳು ತೆಗೆಯಿರಿ, ಬಿಟ್ಟರೆ ಬೇರಿಂಗ್ ಕೆಡುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಮಿತಿಯನ್ನು 80 ಶೇಕಡಾಕ್ಕೆ ಇಳಿಸಿ. ಶಾಖ ತಗ್ಗಿದಷ್ಟು ಫ್ರೇಮ್ ತಗ್ಗುವುದಿಲ್ಲ. ಮಾನಿಟರ್ 60 ಹರ್ಟ್ಸ್ ಆದರೆ ಫ್ರೇಮನ್ನು 60ಕ್ಕೆ ಕಟ್ಟಿಹಾಕಿ.

ಆದರೂ ಇಳಿಯದಿದ್ದರೆ ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸುವ ಪೇಸ್ಟ್ ಒಣಗಿರಬಹುದು. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪ ಸಡಿಲಿಸಿ, ಹೀಟ್‌ಸಿಂಕ್ ಎತ್ತುವಾಗ ಫ್ಯಾನ್ ತಂತಿ ಕೀಳದಂತೆ ನೋಡಿಕೊಳ್ಳಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ ಇಡೀ ಮುಚ್ಚುವಂತೆ ತೆಳ್ಳಗೆ ಹರಡಿ. ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5 ಇಟ್ಟರೆ ಹೀಟ್‌ಸಿಂಕ್ ಚಿಪ್‌ಗೆ ತಾಗದೆ ಶಾಖ ಮೊದಲಿಗಿಂತ ಏರುತ್ತದೆ.

ಚಿಕ್ಕ ಚಿತ್ರ ಬಿಡಿಸಿ ಅದನ್ನು ಪರದೆಯಷ್ಟು ಹಿಗ್ಗಿಸುವ ಎಫ್‌ಎಸ್‌ಆರ್ 2 ಅಥವಾ ಎಕ್ಸ್‌ಇಎಸ್‌ಎಸ್ ಗೇಮ್‌ನಲ್ಲಿದ್ದರೆ ಬಳಸಿ, ಹಳೆಯ ಕಾರ್ಡ್‌ನಲ್ಲೂ ನಡೆಯುತ್ತವೆ. ಇದೇ ಬಗೆಯ ಡಿಎಲ್‌ಎಸ್‌ಎಸ್‌ಗೆ ಮಾತ್ರ ಆರ್‌ಟಿಎಕ್ಸ್ ಕಾರ್ಡ್ ಬೇಕು. 1920×1080 ಪರದೆಯಲ್ಲಿ ಎಫ್‌ಎಸ್‌ಆರ್ ‘ಕ್ವಾಲಿಟಿ’ ಎಂದರೆ ಕಾರ್ಡ್ ನಿಜಕ್ಕೂ ಬಿಡಿಸುವುದು 1280×720 ಚಿತ್ರ, ಹಾಗಾಗಿ ಅದಕ್ಕಿಂತ ಕೆಳಗಿನ ಆಯ್ಕೆಗಳಲ್ಲಿ ಮಸುಕು ಕಾಣುತ್ತದೆ.

ಪ್ರಶ್ನೆ: ಹೊಸದರ ಜೊತೆ ಹಳೆಯ ಕಾರ್ಡನ್ನೂ ಎರಡನೇ ಸ್ಲಾಟ್‌ನಲ್ಲಿಟ್ಟರೆ ವೇಗ ಕೂಡುತ್ತದೆಯೇ?

ಉತ್ತರ: ಇಲ್ಲ. ಬೇರೆ ಬೇರೆ ಮಾದರಿಯ ಕಾರ್ಡ್‌ಗಳು ಎಸ್‌ಎಲ್‌ಐನಲ್ಲಿ (ಎನ್‌ವಿಡಿಯಾ ಕಾರ್ಡ್‌ಗಳನ್ನು ಜೋಡಿಸಿ ದುಡಿಸುವ ವ್ಯವಸ್ಥೆ) ಸೇರುತ್ತಲೇ ಇರಲಿಲ್ಲ, ಈಗ ಎಸ್‌ಎಲ್‌ಐ ಕೂಡ ಇಲ್ಲ. ಕೆಲವು ಬೋರ್ಡ್‌ಗಳಲ್ಲಿ ಎರಡನೆಯದು ಮೊದಲನೆಯದರ ಲೇನ್‌ಗಳನ್ನೇ ಹಂಚಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಮಾನಿಟರ್‌ಗೆ ಡಿವಿಐ ಮತ್ತು ವಿಜಿಎ ಮಾತ್ರ ಇದೆ. ಹೊಸ ಕಾರ್ಡ್‌ಗೆ ಹೇಗೆ ಜೋಡಿಸಲಿ?

ಉತ್ತರ: ಇತ್ತೀಚಿನ ಹೆಚ್ಚಿನ ಕಾರ್ಡ್‌ಗಳಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡೇ. 1920×1080, 60 ಹರ್ಟ್ಸ್ ಮಾನಿಟರ್ ಆದರೆ ಎಚ್‌ಡಿಎಂಐಯಿಂದ ಡಿವಿಐಗೆ ಹೋಗುವ ಸಾದಾ ಕೇಬಲ್ ಸಾಕು. ಹಳೆಯ 144 ಹರ್ಟ್ಸ್ ಮಾನಿಟರ್ ಡ್ಯುಯಲ್ ಲಿಂಕ್ (ಇಮ್ಮಡಿ ಸಾಲಿನ) ಡಿವಿಐ ಬಳಸುತ್ತಿದ್ದರೆ ಸಾದಾ ಕೇಬಲ್‌ನಲ್ಲಿ ಆ ವೇಗ ಸಿಗದು. ಡಿಸ್‌ಪ್ಲೇಪೋರ್ಟ್‌ನಿಂದ ಡ್ಯುಯಲ್ ಲಿಂಕ್‌ಗೆ ಬದಲಿಸುವ ಸಕ್ರಿಯ (ಒಳಗೆ ಸಂಕೇತ ಪರಿವರ್ತಿಸುವ ಚಿಪ್ ಇರುವ) ಅಡಾಪ್ಟರ್ ಬೇಕು. ವಿಜಿಎಗೂ ಸಕ್ರಿಯ ಅಡಾಪ್ಟರೇ.