ಹಸಿರಾಗಿದ್ದ ಹಾಗೆಯೇ ಬಾಡುವ ಟೊಮೆಟೊ

ಪ್ರಶ್ನೆ: ಹಿತ್ತಿಲಲ್ಲಿ 6 ಟೊಮೆಟೊ ಗಿಡ ನೆಟ್ಟಿದ್ದೆ. ಕಾಯಿ ಬಿಡುವ ಹೊತ್ತಿಗೆ 4 ಗಿಡ ಎರಡೇ ದಿನದಲ್ಲಿ ಬಾಡಿದವು. ಎಲೆ ಹಳದಿಯಾಗಿಲ್ಲ, ಹುಳವೂ ಇಲ್ಲ. ನೀರು ಕಮ್ಮಿಯಾಯಿತಾ?
– ಓದುಗರು, ಕಟಪಾಡಿ

ಉತ್ತರ: ಇಲ್ಲ, ಸುಮ್ನೆ ಇನ್ನಷ್ಟು ನೀರು ಸುರಿಯಬೇಡಿ. ಹಸಿರಾಗಿರುವಾಗಲೇ ಗಿಡ ಜೋತುಬಿದ್ದರೆ ನನಗೆ ಮೊದಲ ಅನುಮಾನ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಮೇಲೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಗಾಜಿನ ಲೋಟದ ತಿಳಿನೀರಿಗೆ ಅದರ ಕತ್ತರಿಸಿದ ತುದಿ ಮಾತ್ರ ಮುಳುಗಲಿ. ಅಲ್ಲಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ನಾನು ಮೊದಲ ಸಲ ಇದನ್ನು ನೋಡುತ್ತಾ ಕಿಟಕಿ ಬಳಿ ನಿಂತಿದ್ದಾಗ ಒಲೆ ಮೇಲಿನ ಗಂಜಿ ಉಕ್ಕಿಹೋಗಿತ್ತು!

ಇದಕ್ಕೆ ಮದ್ದಿಲ್ಲ. ಬಾಡಿದ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕತ್ತಿ, ಹಾರೆ ತೊಳೆದಿಡಿ. ಆ ಜಾಗದಲ್ಲಿ ಹಸಿಮೆಣಸು, ಬದನೆ ಬೇಡ, ಅವೂ ಟೊಮೆಟೊದ ನೆಂಟರೇ ಅಲ್ವಾ? ನಮ್ಮ ಮಟ್ಟು ಊರಿನ ಬದನೆ ಮಟ್ಟುಗುಳ್ಳದ ಆಸೆಯನ್ನೂ ಸದ್ಯಕ್ಕೆ ಬಿಡಿ. ಅಲಸಂಡೆ ಹಾಕಿ.

ನಮ್ಮ ಕರಾವಳಿಯ ಕೆಂಪು ಮಣ್ಣಿನಲ್ಲಿ ಹುಳಿ ಜಾಸ್ತಿ, ಸೆಕೆಯೂ ಜಾಸ್ತಿ. ಈ ರೋಗಕ್ಕೆ ಹಬ್ಬ. ಟೊಮೆಟೊ ಬೇಕೇ ಬೇಕು ಅಂದರೆ ಮಳೆ ಬಿಟ್ಟ ಮೇಲೆ ಬೇರೆ ಕಡೆಯ ಮಣ್ಣು ತುಂಬಿದ ಗ್ರೋಬ್ಯಾಗಿನಲ್ಲಿ ಅರ್ಕಾ ರಕ್ಷಕ್ ನೆಡಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು, ಸೊರಗು ರೋಗ ತಡೆದುಕೊಳ್ಳುತ್ತದೆ. ಬ್ಯಾಗನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲಿಡಿ.

ಉಳಿದ 2 ಗಿಡಗಳ ಬುಡ ಮಾತ್ರ ಕೆದಕಬೇಡಿ. ಗಾಯವಾದ ಬೇರಿನಿಂದ ರೋಗ ಸುಲಭವಾಗಿ ಒಳಗೆ ನುಗ್ಗುತ್ತದೆ.